ಭಾನುವಾರದ ಮೋಗ್ಲಿ, ಕನ್ನಡದ ಡೋರಾ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಮರುವರ್ಷವೇ ಗೋಕಾಕ್ ಚಳವಳಿ ಕಾವೇರಿತು, ರಾಜ್‌ಕುಮಾರ್ ಊರೂರು ಸುತ್ತಿದರು, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಲಕ್ಷಗಟ್ಟಲೆ ಜನ ಬೀದಿಗಿಳಿದರು. ಅದೇ 1982ರ ಆಗಸ್ಟ್ 15ರಂದು ದೆಹಲಿಯಿಂದ ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣದ ಚಿತ್ರವೂ ಆಗಲೇ ಬಂತು. ಹೀಗೆ ಒಂದೇ ವರ್ಷದಲ್ಲಿ ಕರ್ನಾಟಕದ ಮಕ್ಕಳ ತರಗತಿಗೆ ಕನ್ನಡ ಬಂತು, ಅವರ ನಡುಮನೆಗೆ ಹಿಂದಿ ಬಂತು. ತರಗತಿಯ ಕತೆಯನ್ನು ನಮ್ಮ ಚರಿತ್ರೆಕಾರರು ಚೆನ್ನಾಗಿ ಬರೆದಿದ್ದಾರೆ. ನಡುಮನೆಯ ಕತೆಯನ್ನು, ಅದರಲ್ಲೂ ಭಾನುವಾರ ಬೆಳಿಗ್ಗೆ ಕಾರ್ಟೂನಿನ ಮುಂದೆ ಕೂತ ಮಕ್ಕಳ ಕತೆಯನ್ನು, ಯಾರೂ ಅಷ್ಟಾಗಿ ಬರೆದಿಲ್ಲ. ಬೆಂಗಳೂರಿನ ಪಶ್ಚಿಮ ದಿಕ್ಕಿನ ನಾಯಂಡಹಳ್ಳಿಯಲ್ಲಿ ಹಾಗೆ ಕೂತವರಲ್ಲಿ ನಾನೂ ಒಬ್ಬ.

ಟಿವಿಗೆ ಮುಂಚೆ ಕನ್ನಡದ ಮಕ್ಕಳಿಗೆ ಚಿತ್ರಕತೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. 'ಚಂದಮಾಮ' 1949ರಿಂದಲೇ ಕನ್ನಡದಲ್ಲಿ ಬರುತ್ತಿತ್ತು. ಇಡೀ ದೇಶ ಇಂದಿಗೂ ಮೆಚ್ಚುವ 'ಅಮರ ಚಿತ್ರ ಕಥೆ'ಯ ಬೇರು ಇರುವುದೂ ಬೆಂಗಳೂರಿನಲ್ಲೇ. ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಹೊರಬಂದ ಮೊದಲ ಹತ್ತು ಪುಸ್ತಕಗಳು ಕನ್ನಡದವು, ಪಾಶ್ಚಾತ್ಯ ಕಾಲ್ಪನಿಕ ಕತೆಗಳ ಕನ್ನಡ ರೂಪಗಳು. ಅನಂತ ಪೈಯವರ ಇಂಗ್ಲಿಷಿನ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯಿಂದ ಶುರುವಾಗಲು ಕಾರಣ ಇದೇ. ಅಂದರೆ ಚಿತ್ರದ ಮೂಲಕ ಮಕ್ಕಳಿಗೆ ಅವರದೇ ನುಡಿಯಲ್ಲಿ ಕತೆ ಹೇಳುವ ಕೆಲಸದಲ್ಲಿ ಕನ್ನಡ ಮುಂದಿತ್ತು. ಕಾಗದದ ಮೇಲೆ ಮುಂದಿದ್ದ ನುಡಿ ಪರದೆಯ ಮೇಲೆ ಹಿಂದೆ ಬಿದ್ದಿತು, ಅದೂ ಸುಮಾರು ಮೂವತ್ತು ವರ್ಷ.

ನಾಯಂಡಹಳ್ಳಿ ಆಗ ಪೂರ್ತಿ ಊರೂ ಅಲ್ಲ, ಪೂರ್ತಿ ನಗರವೂ ಅಲ್ಲ. ಕೆಂಗೇರಿ ಹೋಬಳಿಯ ಹಳ್ಳಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಇದ್ದದ್ದರಿಂದ ಕಾರ್ಖಾನೆಗಳ ಸದ್ದು ಕಿವಿಗೆ ಬೀಳುತ್ತಿತ್ತು. ಒಂದು ಕಡೆ ವೃಷಭಾವತಿ, ಇನ್ನೊಂದು ಕಡೆ ಮೈಸೂರಿಗೆ ಹೋಗುವ ರೈಲು ಹಳಿ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ ದಾಟಿ ಬಂದರೆ ಬಿಎಚ್‌ಇಎಲ್ ಕಾರ್ಖಾನೆ. ಹಿರಿಯರು ಅದನ್ನು ಬಹುಕಾಲ 'ರೆಮ್ಕೊ' ಎಂದೇ ಕರೆಯುತ್ತಿದ್ದರು, ರೇಡಿಯೊ ಅಂಡ್ ಎಲೆಕ್ಟ್ರಿಕಲ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಎಂಬ ಹಳೆಯ ಹೆಸರಿನ ಚುಟುಕು ರೂಪ ಅದು. ಪಾಳಿ ಕೆಲಸಕ್ಕೆ ಹೋಗುವ ಕಾರ್ಮಿಕರು, ಸಣ್ಣ ಶೆಡ್‌ಗಳಲ್ಲಿ ಲೇತ್ ತಿರುಗಿಸುವವರು, ಇನ್ನೂ ಹಸು ಕಟ್ಟಿದ್ದ ಹಳೆಯ ಮನೆತನಗಳು, ಹಳ್ಳಿ ಬಿಟ್ಟು ವಠಾರಕ್ಕೆ ಬಂದು ಸೇರಿದ ಸಂಸಾರಗಳು ಎಲ್ಲ ಇಲ್ಲೇ ಒತ್ತೊತ್ತಾಗಿ ಇದ್ದವು.

ಇಂಥ ಕಡೆ ಟಿವಿ ಎಂದರೆ ಬೀದಿಗೊಂದೋ ಎರಡೋ. 1985ರವರೆಗೆ ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಹಣ ಕಟ್ಟಬೇಕಿತ್ತು. ಸಾಲಿಡೇರ್, ಡಯನೋರಾ, ಆಮೇಲೆ ಬಿಪಿಎಲ್, ಒನಿಡಾ. ಹಳೆಯ ಸೆಟ್ಟುಗಳಿಗೆ ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಬೀಗ. ಬೀಗದ ಕೈ ಮನೆಯ ಯಜಮಾನರ ಉಡಿದಾರದಲ್ಲೋ ಅಮ್ಮನ ಸೆರಗಿನ ಗಂಟಿನಲ್ಲೋ ಇರುತ್ತಿತ್ತು. ಪರೀಕ್ಷೆ ಬಂತೆಂದರೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಚಿತ್ರ ಸರಿಯಾಗಿ ಮೂಡಬೇಕಾದರೆ ಮಾಳಿಗೆಯ ಮೇಲಿನ ಆಂಟೆನಾ ಜೆ.ಸಿ. ನಗರದ ಟವರಿನ ಕಡೆ ಮುಖ ಮಾಡಿರಬೇಕು. ಕಾಗೆ ಕೂತರೂ ಸಾಕು, ಗಾಳಿ ಬೀಸಿದರೂ ಸಾಕು, ಪರದೆ ತುಂಬ ಚುಕ್ಕಿ. ಆಗ ಒಬ್ಬ ಮೇಲೆ ಹತ್ತಬೇಕು, ಒಬ್ಬ ಕಿಟಕಿಯಲ್ಲಿ ನಿಲ್ಲಬೇಕು, ಒಬ್ಬ ಟಿವಿ ಮುಂದೆ.

"ಬಂತಾ?"

"ಇಲ್ಲ, ಇನ್ನೂ ಒಸಿ ತಿರುಗ್ಸು."

"ಈಗ?"

"ಬಂತು ಬಂತು... ಹೋಯ್ತು. ಹಂಗೇ ಹಿಡ್ಕೊಂಡಿರು, ಬಿಡಬ್ಯಾಡ."

ಹಿಡಿದುಕೊಂಡವನು ಆ ದಿನದ ಕಾರ್ಟೂನ್ ನೋಡುತ್ತಿರಲಿಲ್ಲ, ಕೆಳಗಿನಿಂದ ಬರುವ ಸದ್ದು ಕೇಳುತ್ತಿದ್ದ ಅಷ್ಟೆ. ಅವನಿಗೆ ಕತೆ ಹೇಳುವ ಜವಾಬ್ದಾರಿ ಉಳಿದವರದು. ಪಕ್ಕದ ಶೆಡ್ಡಿನಲ್ಲಿ ಮೋಟಾರು ಶುರುವಾದರೆ ಪರದೆಯ ಮೇಲೆ ಅಡ್ಡಗೆರೆ ಓಡುತ್ತಿದ್ದವು. ಅದೃಷ್ಟಕ್ಕೆ ಭಾನುವಾರ ಬಹುಪಾಲು ಶೆಡ್‌ಗಳಿಗೆ ರಜೆ.

ಎಂಬತ್ತರ ದಶಕದಲ್ಲಿ ದೂರದರ್ಶನ ತೋರಿಸುತ್ತಿದ್ದ ಕಾರ್ಟೂನ್ ಕಡಿಮೆ. ಅಮೆರಿಕದ ಸ್ಪೈಡರ್‌ಮ್ಯಾನ್, ಕತ್ತಿ ಎತ್ತಿ ಗುಡುಗುವ ಹೀ-ಮ್ಯಾನ್. ನಮ್ಮವರೇ ಮಾಡಿದ್ದರಲ್ಲಿ ಎಲ್ಲರ ಮನಸ್ಸಿನಲ್ಲಿ ಉಳಿದದ್ದು 'ಏಕ್ ಅನೇಕ್ ಔರ್ ಏಕ್ತಾ'. 1974ರಲ್ಲಿ ವಿಜಯಾ ಮುಳೆ ನಿರ್ದೇಶಿಸಿ, ಭೀಮ್‌ಸೇನ್ ಚಿತ್ರಗಳಿಗೆ ಚಲನೆ ಕೊಟ್ಟ ಕಿರುಚಿತ್ರ ಅದು. ಬಲೆ ಹೊತ್ತು ಹಾರುವ ಹಕ್ಕಿಗಳನ್ನು ಕಂಡಾಗ ನಮಗೆ ಹಿಂದಿ ಬೇಕಾಗಲಿಲ್ಲ, ಪಂಚತಂತ್ರದ ಪಾರಿವಾಳಗಳ ಕತೆ ಮೊದಲೇ ಗೊತ್ತಿತ್ತು. ಇನ್ನೊಂದು 'ಮಾಲ್ಗುಡಿ ಡೇಸ್'. ಅದು ಕಾರ್ಟೂನ್ ಅಲ್ಲ, ಆದರೂ ಪ್ರತಿ ಕಂತಿನ ಆರಂಭಕ್ಕೆ ಬರುತ್ತಿದ್ದ ಆರ್.ಕೆ. ಲಕ್ಷ್ಮಣ್ ರೇಖಾಚಿತ್ರಗಳಿಗಾಗಿ ನಾವು ಓಡಿಬರುತ್ತಿದ್ದೆವು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು, ಬರೆದವರು ಮೈಸೂರಿನವರು, ಚಿತ್ರ ಬಿಡಿಸಿದವರೂ ಮೈಸೂರಿನವರು, ಸ್ವಾಮಿಯ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಕನ್ನಡದ ಹುಡುಗ. ಇಷ್ಟೆಲ್ಲ ಇದ್ದೂ ಸ್ವಾಮಿ ನಮ್ಮ ಮುಂದೆ ಹಿಂದಿಯಲ್ಲೇ ಮಾತಾಡಿದ. ಆಗ ಅದು ವಿಚಿತ್ರವೆನಿಸಲಿಲ್ಲ. ಟಿವಿ ಎಂದರೆ ಹಿಂದಿ ಎಂದೇ ನಾವು ತಿಳಿದಿದ್ದೆವು.

ಮೋಗ್ಲಿ ಬಂದದ್ದು 1993ರ ಸುಮಾರಿಗೆ. ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಮಾಡಿದ 52 ಕಂತುಗಳ ಮಾಲೆಯನ್ನು ದೂರದರ್ಶನ 'ದಿ ಜಂಗಲ್ ಬುಕ್' ಹೆಸರಿನಲ್ಲಿ ಹಿಂದಿಯಲ್ಲಿ ತೋರಿಸಿತು. ಶೀರ್ಷಿಕೆ ಗೀತೆ ಗುಲ್ಜಾರ್ ಅವರದು, ರಾಗ ವಿಶಾಲ್ ಭಾರದ್ವಾಜ್ ಅವರದು, ಶೇರ್ ಖಾನ್ ಹುಲಿಗೆ ದನಿ ನಾನಾ ಪಾಟೇಕರ್ ಅವರದು. ಆ ಹಾಡು ಶುರುವಾದರೆ ಓಣಿಯಲ್ಲಿ ಗೋಲಿಯಾಟ ನಿಲ್ಲುತ್ತಿತ್ತು. ಟಿವಿ ಇದ್ದ ಮನೆಯ ಹೊಸ್ತಿಲಿನಾಚೆ ಚಪ್ಪಲಿ ರಾಶಿ ಬೀಳುತ್ತಿತ್ತು. ಒಳಗೆ ಜಾಗ ಸಿಗದವರು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು.

ನಾನು ಇಂದಿಗೂ ಬಹಳ ಪ್ರೀತಿಯಿಂದ ನೆನೆಯುವುದು ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದ ಅಜ್ಜಿಯರನ್ನು. ಅವರಿಗೆ ಹಿಂದಿಯ ಒಂದು ಅಕ್ಷರವೂ ಬಾರದು. ನಮಗೆ ಬರುತ್ತಿದ್ದದ್ದೂ ಅಷ್ಟಕ್ಕಷ್ಟೇ, ಶಾಲೆಯ ಮೂರನೆಯ ಭಾಷೆ.

"ಹುಲಿ ಏನಂತೈತೆ ಮಗಾ?"

"ಮೋಗ್ಲೀನ ತಿಂದಾಕ್ತೀನಿ ಅಂತೈತೆ ಅಜ್ಜಿ."

"ಅಯ್ಯೋ, ಆ ಕರಡಿ ಎಲ್ಲೋಯ್ತು?"

"ನಿದ್ದೆ ಮಾಡ್ತೈತೆ."

"ಎಬ್ಬಿಸ್ರೋ ಅದುನ್ನ!"

ಅರ್ಧ ಕೇಳಿದ್ದು, ಅರ್ಧ ಊಹಿಸಿದ್ದು, ಉಳಿದದ್ದು ಚಿತ್ರ ನೋಡಿ ಕಟ್ಟಿದ್ದು. ಹೀಗೆ ಎಂಟು ಹತ್ತು ವರ್ಷದ ಮಕ್ಕಳು ವಾರವಾರವೂ ಇಡೀ ಕಾಡನ್ನು ಕನ್ನಡಕ್ಕೆ ತಂದುಕೊಟ್ಟರು. ನಮ್ಮ ಶೇರ್ ಖಾನ್ ನಾಯಂಡಹಳ್ಳಿಯ ಕನ್ನಡದಲ್ಲೇ ಬೈಯುತ್ತಿದ್ದ. ಕೆಲಸಕ್ಕೆ ಸಂಬಳವಿರಲಿಲ್ಲ, ಹೆಸರೂ ಬರಲಿಲ್ಲ, ಆದರೆ ಅದು ಚಂದದ ಕೆಲಸವಾಗಿತ್ತು ಎಂದು ನಾನು ನಂಬುತ್ತೇನೆ.

ಮೋಗ್ಲಿಗೂ ಕನ್ನಡ ನಾಡಿಗೂ ಇರುವ ಹಳೆಯ ನಂಟೊಂದು ಆಗ ನಮಗೆ ಗೊತ್ತಿರಲಿಲ್ಲ. ಕಿಪ್ಲಿಂಗ್ ಕತೆಯ ಕಾಡು ಮಧ್ಯಪ್ರದೇಶದ ಸಿವನಿಯದು. ಆದರೆ 1942ರಲ್ಲಿ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ 'ಜಂಗಲ್ ಬುಕ್' ಚಿತ್ರದಲ್ಲಿ ಮೋಗ್ಲಿಯಾಗಿದ್ದವನು ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. 1924ರಲ್ಲಿ ಹುಟ್ಟಿದ ಆ ಹುಡುಗ ಕಿಪ್ಲಿಂಗ್‌ನದೇ ಇನ್ನೊಂದು ಕತೆಯಿಂದ ಹುಟ್ಟಿದ 1937ರ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಆಯ್ಕೆಯಾಗಿ, ಆನೆ ಲಾಯದಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ನಾಯಂಡಹಳ್ಳಿಯ ಮುಂದೆಯೇ ಹಾದುಹೋಗುವ ಮೈಸೂರು ರಸ್ತೆ ಹಿಡಿದು, ಮೈಸೂರು ದಾಟಿ, ಹೆಗ್ಗಡದೇವನಕೋಟೆಯ ಕಡೆ ಹೋದರೆ ಕಬಿನಿ ದಂಡೆಯಲ್ಲಿ ಆ ಕಾರಾಪುರ ಸಿಗುತ್ತದೆ. ಹಾಲಿವುಡ್ಡಿನ ಮೋಗ್ಲಿ ನಮ್ಮವನು ಎಂಬುದನ್ನು ಆಗ ಯಾರಾದರೂ ಒಂದು ಭಾನುವಾರ ಹೇಳಿದ್ದಿದ್ದರೆ ಆ ಓಣಿಯ ಮಕ್ಕಳು ಕುಣಿದುಬಿಡುತ್ತಿದ್ದರು.

ಅದೇ ಕಾಲದಲ್ಲಿ ಡಿಸ್ನಿಯ 'ಡಕ್‌ಟೇಲ್ಸ್' ಮತ್ತು 'ಟೇಲ್‌ಸ್ಪಿನ್' ಕೂಡ ಹಿಂದಿಯಲ್ಲಿ ಬಂದವು. ನಾಣ್ಯದ ಗುಡ್ಡದಲ್ಲಿ ಈಜುವ ಸ್ಕ್ರೂಜ್ ಬಾತುಕೋಳಿಗಿಂತ ನಮ್ಮನ್ನು ಹೆಚ್ಚು ತಲೆಕೆಡಿಸಿದವನು ಟೇಲ್‌ಸ್ಪಿನ್ನಿನ ಬಾಲು. ಒಂದು ಕಾರ್ಯಕ್ರಮದಲ್ಲಿ ಕಾಡಿನಲ್ಲಿ ಮೋಗ್ಲಿಗೆ ಪಾಠ ಹೇಳುವ ಕರಡಿ, ಇನ್ನೊಂದರಲ್ಲಿ ವಿಮಾನ ಹಾರಿಸುತ್ತಾನೆ, ಶೇರ್ ಖಾನ್ ಕೋಟು ಹಾಕಿಕೊಂಡು ದೊಡ್ಡ ಸಾಹುಕಾರನಾಗಿದ್ದಾನೆ! ಇದು ಹೇಗೆಂದು ವಾದಿಸುತ್ತಾ ಶಾಲೆಯ ದಾರಿ ಸವೆಸುತ್ತಿದ್ದೆವು. ಮೋಗ್ಲಿ ದೊಡ್ಡವನಾಗಿ ಊರಿಗೆ ಹೋದ ಮೇಲೆ ಬಾಲು ಕೆಲಸ ಹುಡುಕಿಕೊಂಡ ಎಂಬುದು ನಮ್ಮ ಓಣಿಯ ತೀರ್ಮಾನ. ಹಳ್ಳಿ ಬಿಟ್ಟು ಕೆಲಸಕ್ಕೆ ಬಂದವರೇ ತುಂಬಿದ್ದ ಕಡೆ ಮಕ್ಕಳಿಗೆ ಬೇರೆ ಉತ್ತರ ಹೊಳೆಯುವುದು ಕಷ್ಟವಿತ್ತು.

ಆಮೇಲೆ ಕೇಬಲ್. ತೊಂಬತ್ತರ ದಶಕದ ಆರಂಭದಲ್ಲಿ ಸ್ಟಾರ್, ಜೀ ಬಂದವು, 1994ರಲ್ಲಿ ಉದಯ ಟಿವಿ ಶುರುವಾಯಿತು. ಆಂಟೆನಾಗಳು ಒಂದೊಂದಾಗಿ ಬಟ್ಟೆ ಒಣಹಾಕುವ ಕಂಬಗಳಾದವು. ಮನೆಯಿಂದ ಮನೆಗೆ, ತೆಂಗಿನ ಮರದಿಂದ ಲೈಟು ಕಂಬಕ್ಕೆ ಕಪ್ಪು ವೈರು ಓಡಿತು. ತಿಂಗಳ ಮೊದಲ ವಾರ ಚಿಕ್ಕ ಚೀಟಿ ಪುಸ್ತಕ ಹಿಡಿದು ಬರುತ್ತಿದ್ದ ಕೇಬಲ್ ಅಣ್ಣ ಮಕ್ಕಳ ಪಾಲಿಗೆ ದೊಡ್ಡ ಮನುಷ್ಯ. ಯಾವ ಚಾನೆಲ್ ಬರಬೇಕು, ಯಾವುದು ಬರಬಾರದು ಎಂಬುದು ಅವನ ಕೈಯಲ್ಲಿತ್ತು. "ಅಣ್ಣಾ, ಕಾರ್ಟೂನ್ ನೆಟ್‌ವರ್ಕ್ ಹಾಕಣ್ಣಾ" ಎಂದು ಅವನ ಸೈಕಲ್ ಹಿಂದೆ ಓಡದ ಹುಡುಗ ನಮ್ಮಲ್ಲಿ ಇರಲಿಲ್ಲ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಹಗಲೆಲ್ಲ ಕಾರ್ಟೂನ್, ರಾತ್ರಿಯಾದರೆ ಅದೇ ವಾಹಿನಿ ಟಿಎನ್‌ಟಿ ಆಗಿ ಹಳೆಯ ಹಾಲಿವುಡ್ ಸಿನಿಮಾ ತೋರಿಸುತ್ತಿತ್ತು. ವಾರಕ್ಕೆ ಅರ್ಧ ಗಂಟೆ ಸಿಗುತ್ತಿದ್ದದ್ದು ಒಮ್ಮೆಲೇ ದಿನವಿಡೀ ಸಿಕ್ಕಿತು. ಸ್ಕೂಬಿ ಡೂ, ಪಾಪಾಯ್, ಫ್ಲಿಂಟ್‌ಸ್ಟೋನ್ಸ್, ಸ್ವಾಟ್ ಕ್ಯಾಟ್ಸ್. ಎಲ್ಲವೂ ಇಂಗ್ಲಿಷಿನಲ್ಲಿ, ಕೆಲವು ವರ್ಷಗಳ ನಂತರ ಹಿಂದಿಯಲ್ಲಿ. ಕನ್ನಡ ಶಾಲೆಯ ಮಕ್ಕಳಿಗೆ ಮಾತು ಹಿಡಿಯುತ್ತಿರಲಿಲ್ಲ, ವೇಗ ಹಿಡಿಯುತ್ತಿತ್ತು. ಅಜ್ಜಿಗೆ ಹೇಳಿಕೊಡುವ ಕೆಲಸ ಇಲ್ಲಿ ನಿಂತುಹೋಯಿತು, ಹೇಳಲು ನಮಗೇ ಗೊತ್ತಿರಲಿಲ್ಲ.

ಒಂದನ್ನು ಬಿಟ್ಟು. 'ಟಾಮ್ ಅಂಡ್ ಜೆರ್ರಿ'ಗೆ ಭಾಷೆಯೇ ಬೇಡ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಸೃಷ್ಟಿಸಿದ, ಏಳು ಆಸ್ಕರ್ ಗೆದ್ದ ಆ ಬೆಕ್ಕು ಇಲಿ ಮಾತಾಡುವುದು ತೀರಾ ಅಪರೂಪ, ಎಲ್ಲವನ್ನೂ ವಾದ್ಯಗಳೇ ಹೇಳುತ್ತವೆ. ಮೊಮ್ಮಗನೂ ಅಜ್ಜಿಯೂ ಒಂದೇ ಕ್ಷಣದಲ್ಲಿ ನಕ್ಕದ್ದು ಅದನ್ನು ನೋಡುವಾಗ ಮಾತ್ರ. ನಾಯಂಡಹಳ್ಳಿಯಲ್ಲಿ ಅದು ಎಲ್ಲ ಕಾರ್ಟೂನುಗಳಿಗಿಂತ ಹೆಚ್ಚು ಕಾಲ ಬಾಳಿದ್ದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ.

ಕನ್ನಡದಲ್ಲಿ ಯಾಕೆ ಏನೂ ಬರಲಿಲ್ಲ? ಉತ್ತರ ಹುಡುಕಿದರೆ ಅರವತ್ತರ ದಶಕಕ್ಕೆ ಹೋಗಬೇಕು. ಬೇರೆ ಭಾಷೆಯ ಚಿತ್ರಗಳು ಡಬ್ ಆಗಿ ಬಂದರೆ ಆಗಷ್ಟೇ ಕಣ್ಣುಬಿಡುತ್ತಿದ್ದ ಕನ್ನಡ ಚಿತ್ರರಂಗ ಬದುಕುವುದಿಲ್ಲ ಎಂದು ಅ.ನ. ಕೃಷ್ಣರಾಯರಂಥವರು, ರಾಜ್‌ಕುಮಾರ್ ಅವರಂಥವರು ದನಿ ಎತ್ತಿದರು. ಕಾನೂನು ಯಾವುದೂ ಆಗಲಿಲ್ಲ, ಆದರೆ ಡಬ್ಬಿಂಗ್ ನಿಂತಿತು. ಆ ಕಾಲಕ್ಕೆ ಅದು ಸರಿಯಾದ ತೀರ್ಮಾನವಾಗಿತ್ತು, ಅದರಿಂದ ಕನ್ನಡದ ಕಲಾವಿದರೂ ತಂತ್ರಜ್ಞರೂ ಉಳಿದರು. ಆದರೆ ದೊಡ್ಡವರ ಸಿನಿಮಾ ಕಾಯಲು ಹಾಕಿದ ಬೇಲಿಯ ನೆರಳಿನಲ್ಲಿ ಮಕ್ಕಳ ವಿಷಯ ಯಾರಿಗೂ ನೆನಪಾಗಲಿಲ್ಲ. ಕನ್ನಡದಲ್ಲೇ ಕಾರ್ಟೂನ್ ಮಾಡುವಷ್ಟು ಹಣ ಯಾರ ಹತ್ತಿರವೂ ಇರಲಿಲ್ಲ. ಒಂದು ಸೆಕೆಂಡಿನ ಚಲನೆಗೆ ಹತ್ತಾರು ಚಿತ್ರ ಬರೆಯಬೇಕಾದ ಕೆಲಸ ಅದು. ಹಾಗಾಗಿ ಮಾಡುವುದೂ ಇಲ್ಲ, ತರುವುದೂ ಇಲ್ಲ ಎಂಬಂತಾಗಿ ನಮ್ಮ ಇಡೀ ಪೀಳಿಗೆ ಬೇರೆ ನುಡಿಗಳ ಕಾರ್ಟೂನ್ ನೋಡಿ ಬೆಳೆಯಿತು.

ಆ ಸ್ಥಿತಿ ಬದಲಾದದ್ದು 2009ರಲ್ಲಿ. ತಮಿಳಿನ ಮಕ್ಕಳಿಗೆ 2007ರಲ್ಲಿ 'ಚುಟ್ಟಿ ಟಿವಿ' ತಂದಿದ್ದ ಸನ್ ಸಮೂಹ, ಕನ್ನಡಕ್ಕೆ 'ಚಿಂಟು ಟಿವಿ' ತಂದಿತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕನ್ನಡದಲ್ಲೇ ಕಾರ್ಟೂನ್. ಆ ಹೊತ್ತಿಗೆ ನಮ್ಮ ವಯಸ್ಸಿನವರು ಕೆಲಸಕ್ಕೆ ಸೇರಿದ್ದೆವು, ಕೆಲವರಿಗೆ ಮಕ್ಕಳಾಗಿದ್ದವು. ಜಾಕಿ ಚಾನ್ ಕನ್ನಡದಲ್ಲಿ ಮಾತಾಡುತ್ತಾನೆ ಎಂಬ ಸುದ್ದಿ ಕೇಳಿ ದೊಡ್ಡವರೂ ಹೋಗಿ ಕೂತದ್ದುಂಟು.

ಚಿಂಟುವಿನ ನಿಜವಾದ ರಾಣಿ ಡೋರಾ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಆ ಕಾರ್ಯಕ್ರಮದ ಗುಟ್ಟು ಇರುವುದು ಮೌನದಲ್ಲಿ. ಡೋರಾ ಒಂದು ಪ್ರಶ್ನೆ ಕೇಳುತ್ತಾಳೆ, ಆಮೇಲೆ ಪರದೆಯಿಂದ ನೇರವಾಗಿ ಮಗುವನ್ನೇ ನೋಡುತ್ತಾ ಸುಮ್ಮನಿರುತ್ತಾಳೆ, ಕಣ್ಣು ಪಿಳಿಪಿಳಿ ಬಿಡುತ್ತಾಳೆ. ಉತ್ತರ ಕೊಡಬೇಕಾದವರು ನೋಡುವವರು. ನಾಯಂಡಹಳ್ಳಿಯ ಒಂದು ಮನೆಯಲ್ಲಿ ನಾನು ಅದನ್ನು ಹತ್ತಿರದಿಂದ ನೋಡಿದೆ. ನಾಲ್ಕು ವರ್ಷದ ಹುಡುಗಿ, ಕೈಯಲ್ಲಿ ಅರ್ಧ ತಿಂದ ರಾಗಿ ರೊಟ್ಟಿ, ಟಿವಿಗೆ ಮೂಗು ತಾಗುವಷ್ಟು ಹತ್ತಿರ. ಡೋರಾ ಸೇತುವೆ ಎಲ್ಲಿದೆ ಎಂದು ಕೇಳಿದಳು. "ಅಲ್ಲೈತಲ್ಲ, ಹಿಂದ್ಗಡೆ ನೋಡೇ! ಹಿಂದ್ಗಡೆ!" ಎಂದು ಹುಡುಗಿ ರೊಟ್ಟಿಯನ್ನೇ ಚಾಚಿ ತೋರಿಸಿದಳು. ಡೋರಾ ತಿರುಗಿದಳು, ಸೇತುವೆ ಸಿಕ್ಕಿತು. ತಾನು ಹೇಳಿದ್ದರಿಂದಲೇ ಸಿಕ್ಕಿತೆಂದು ಆ ಮಗುವಿನ ಮುಖ ಅರಳಿದ್ದನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ನಾವು ಕಾರ್ಟೂನ್ ನೋಡಿದ್ದೆವು, ಕೇಳಿಸಿಕೊಂಡಿದ್ದೆವು, ಊಹಿಸಿದ್ದೆವು. ಕಾರ್ಟೂನು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟಿರಲಿಲ್ಲ.

ದೊಡ್ಡವರ ಜಗಳ ಮುಂದೆಯೂ ನಡೆಯಿತು. 2012ರಲ್ಲಿ ಆಮೀರ್ ಖಾನ್‌ರ 'ಸತ್ಯಮೇವ ಜಯತೇ' ಕನ್ನಡದಲ್ಲಿ ಟಿವಿಗೆ ಬರಲು ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧವೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವಕ್ಕೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಡಬ್ ಆಗಿ ಚಿತ್ರಮಂದಿರಕ್ಕೆ ಬಂತು, 2020ರ ಲಾಕ್‌ಡೌನಿನಲ್ಲಿ 'ಮಹಾಭಾರತ' ಕನ್ನಡದಲ್ಲಿ ಮನೆಮನೆಗೆ ಬಂತು. ಇವೆಲ್ಲಕ್ಕೂ ಎಷ್ಟೋ ವರ್ಷ ಮೊದಲೇ ಚಿಂಟು ಟಿವಿ ಸದ್ದಿಲ್ಲದೆ ದಾರಿ ಮಾಡಿತ್ತು. ಡಬ್ಬಿಂಗ್ ಇತಿಹಾಸ ಬರೆಯುವವರು ನ್ಯಾಯಾಲಯ ಮತ್ತು ಚಿತ್ರಮಂದಿರಗಳ ಹೆಸರು ಹೇಳುತ್ತಾರೆ, ಮಕ್ಕಳ ವಾಹಿನಿಯನ್ನು ಮರೆಯುತ್ತಾರೆ. ಇದು ತಪ್ಪು.

ಈಗಿನ ನಾಯಂಡಹಳ್ಳಿಯಲ್ಲಿ ಹೊರವರ್ತುಲ ರಸ್ತೆಯ ಮೇಲ್ಸೇತುವೆ ಇದೆ, 2021ರ ಆಗಸ್ಟಿನಿಂದ ಮೆಟ್ರೊ ಓಡುತ್ತಿದೆ, ನಿಲ್ದಾಣಕ್ಕೆ ಪಂತರಪಾಳ್ಯ–ನಾಯಂಡಹಳ್ಳಿ ಎಂಬ ಹೆಸರು. ಮಕ್ಕಳ ಕೈಯಲ್ಲಿ ಮೊಬೈಲು. ಬೆಂಗಳೂರಿನದೇ ಆದ ಇನ್ಫೋಬೆಲ್ಸ್ ಸಂಸ್ಥೆ ಯೂಟ್ಯೂಬಿನಲ್ಲಿ ಕನ್ನಡದ ಶಿಶುಗೀತೆಗಳನ್ನು ಚಿತ್ರವಾಗಿ ಕೊಡುತ್ತಿದೆ. ಗೋವಿನ ಹಾಡಿನ ಕತೆಯನ್ನು ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ 'ಪುಣ್ಯಕೋಟಿ' ಎಂಬ ಅನಿಮೇಷನ್ ಚಿತ್ರ ಮಾಡಿದರು, ಅದಕ್ಕೆ ಇಳಯರಾಜ ಸಂಗೀತ. ಆ ಚಿತ್ರ ಬಂದದ್ದು ಸಂಸ್ಕೃತದಲ್ಲಿ. ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಆದರೆ ಕನ್ನಡದ ಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ ಆ ಹಸುವಿನ ಕತೆಯನ್ನು ಕನ್ನಡದಲ್ಲೇ ಪೂರ್ಣ ಉದ್ದದ ಅನಿಮೇಷನ್ ಆಗಿ ಮಾಡಿ ಚಿತ್ರಮಂದಿರಕ್ಕೆ ತರುವ ದಿನ ಬೇಗ ಬರಬೇಕು.

ಅಲ್ಲಿಯವರೆಗೆ ತಂದೆ ತಾಯಂದಿರಲ್ಲಿ ಒಂದು ಮಾತು. ನಿಕ್, ಸೋನಿ ಯಾಯ್‌ನಂಥ ಮಕ್ಕಳ ವಾಹಿನಿಗಳು ಈಗ ಕನ್ನಡದ ದನಿಯನ್ನೂ ಕೊಡುತ್ತಿವೆ. ಎಷ್ಟೋ ಮನೆಗಳಲ್ಲಿ ಅದು ಗೊತ್ತೇ ಇಲ್ಲ, ಸೆಟ್‌ಟಾಪ್ ಬಾಕ್ಸು ಹಿಂದಿಯಲ್ಲೇ ಶುರುವಾಗುತ್ತದೆ, ಹಾಗೇ ಬಿಡುತ್ತಾರೆ. ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಇದೆ. ಒಂದು ಸಲ ಒತ್ತಿ ಕನ್ನಡಕ್ಕೆ ಹಾಕಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಮಗುವಿನ ಪಕ್ಕದಲ್ಲಿ ಕೂರಿಸಿ.